ಆಟದ ಬಂಡಿ, ಪ್ರಮಾಣದ ಬಂಡಿ

'ಆಟದ ಸಾಮಾನು' ಎಂಬ ನಮ್ಮ ಮಾತಿನಲ್ಲಿಯೇ ಸ್ವಲ್ಪ ತಾತ್ಸಾರ ಅಡಗಿದೆ. ಅಳುವ ಮಗುವಿನ ಕೈಗೆ ಕೊಟ್ಟು ಸುಮ್ಮನಾಗಿಸುವುದು, ಮುರಿದರೆ ತಿಪ್ಪೆಗೆ ಎಸೆಯುವುದು, ದೊಡ್ಡವರ ಗಮನಕ್ಕೆ ಅರ್ಹವಲ್ಲದ್ದು ಎಂಬ ಭಾವನೆ ಅದರ ಹಿಂದಿದೆ. ಆದರೆ ಸಂಸ್ಕೃತ ನಾಟಕಗಳಲ್ಲಿ ಅಗ್ರಗಣ್ಯವಾದ ಒಂದು ಕೃತಿ ತನ್ನ ಹೆಸರನ್ನೇ ಇಂಥ ಒಂದು ಸಾಮಾನಿನಿಂದ ಪಡೆದುಕೊಂಡಿದೆ. ಶೂದ್ರಕನ 'ಮೃಚ್ಛಕಟಿಕ'ದಲ್ಲಿ ಚಾರುದತ್ತನ ಮಗ ರೋಹಸೇನ ನೆರೆಮನೆಯ ಹುಡುಗನ ಚಿನ್ನದ ಬಂಡಿಯೊಡನೆ ಆಡಿ ಬಂದವನು, ತನಗೆ ಕೊಟ್ಟ ಮಣ್ಣಿನ ಬಂಡಿ ಬೇಡವೆಂದು ಅಳುತ್ತಾನೆ. ವಸಂತಸೇನೆ ತನ್ನ ಆಭರಣಗಳನ್ನು ಕಳಚಿ ಆ ಮಣ್ಣಿನ ಬಂಡಿಯಲ್ಲಿ ತುಂಬುತ್ತಾಳೆ. ಮುಂದೆ ನ್ಯಾಯಸ್ಥಾನದಲ್ಲಿ ಅದೇ ಆಭರಣಗಳು ವಿದೂಷಕನ ಬಳಿಯಿಂದ ಕೆಳಗೆ ಬಿದ್ದು, ಚಾರುದತ್ತನ ಮೇಲಿನ ಕೊಲೆಯ ಆರೋಪಕ್ಕೆ ಸಾಕ್ಷ್ಯವಾಗುತ್ತವೆ. ಬನ್ನಂಜೆ ಗೋವಿಂದಾಚಾರ್ಯರು ಈ ನಾಟಕವನ್ನು ಕನ್ನಡಕ್ಕೆ ತಂದಾಗ 'ಆವೆಯ ಮಣ್ಣಿನ ಆಟದ ಬಂಡಿ' ಎಂದು ಹೆಸರಿಟ್ಟರು. ಆ ಹೆಸರಿನಲ್ಲಿರುವ 'ಆಟ' ಎಂಬ ಪದ ಮೂಲದ ಹೆಸರಿನಲ್ಲಿಲ್ಲ. ಅನುವಾದಕರು ಅದನ್ನು ಸೇರಿಸಿ ಉಪಕಾರ ಮಾಡಿದ್ದಾರೆ ಎಂದು ನಾನು ತಿಳಿಯುತ್ತೇನೆ.

ಈ ಹೊತ್ತು ನಾನು ಮಾತನಾಡಹೊರಟಿರುವುದು ಆಟದ ಬಂಡಿಗಳ ಒಂದು ಕವಲಿನ ಬಗ್ಗೆ. ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ಜೋಡಿಸಿ, ಬಣ್ಣ ಬಳಿದು, ಕಾರು, ಮೋಟಾರ್ ಸೈಕಲ್ಲುಗಳ ಚಿಕ್ಕ ಪ್ರತಿಕೃತಿಗಳನ್ನು ನಿರ್ಮಿಸುವ ಹವ್ಯಾಸ ಅದು. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳ ಷೋಕೇಸುಗಳಲ್ಲಿ ಇಂಥವನ್ನು ನೀವು ಕಂಡಿರಬಹುದು. ಕಂಡು, ಮಕ್ಕಳದೆಂದು ಮುಂದೆ ಸಾಗಿರಲೂಬಹುದು. ಕನ್ನಡ ಮೇಷ್ಟರಾಗಿದ್ದವನಿಗೆ ಇದರಲ್ಲೇನು ಕೆಲಸ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ: ಹಳೆಯ ಓಲೆಗರಿಗಳ ಪಾಠವನ್ನು ನಿರ್ಣಯಿಸುವ ಸಂಪಾದಕನೂ ಈ ಹವ್ಯಾಸಿಯೂ ಮಾಡುವ ಕೆಲಸ ಬಹುಮಟ್ಟಿಗೆ ಒಂದೇ. ಇದನ್ನು ನಾನು ಸ್ವಲ್ಪ ಸುತ್ತುದಾರಿಯಿಂದ ಹೇಳಬೇಕಾಗಿದೆ.

ವಾಹನದ ಆಯುಸ್ಸು ಚಿಕ್ಕದು; ಅದರ ಪ್ರತಿಕೃತಿಯ ಆಯುಸ್ಸು ಅನೇಕ ಸಲ ದೊಡ್ಡದು. ಸಿಂಧೂ ನದಿಯ ಬಯಲಿನಲ್ಲಿ ನಾಲ್ಕು ಸಾವಿರ ವರ್ಷಗಳ ಹಿಂದೆ ಧಾನ್ಯ ಹೊತ್ತು ಓಡಾಡಿದ ಎತ್ತಿನ ಗಾಡಿಗಳ ಮರ ಮಣ್ಣಿಗೆ ಮಣ್ಣಾಗಿ ಹೋಯಿತು. ಹರಪ್ಪ, ಮೊಹೆಂಜೊದಾರೊ, ಚನ್ಹುದಾರೊಗಳ ಅಗೆತದಲ್ಲಿ ಸಿಕ್ಕಿದ್ದು ಸುಟ್ಟ ಮಣ್ಣಿನ ಆಟದ ಗಾಡಿಗಳು. ಆ ಕಾಲದ ಗಾಡಿಯ ಚಕ್ರ ಹೇಗಿತ್ತು, ಮೂಕಿಯನ್ನು ಎಲ್ಲಿ ಕಟ್ಟುತ್ತಿದ್ದರು, ಪಕ್ಕದ ಗೂಟಗಳನ್ನು ಹೇಗೆ ನೆಡುತ್ತಿದ್ದರು ಎಂಬುದನ್ನು ಪಂಡಿತರು ಬಹುಪಾಲು ತಿಳಿದದ್ದು ಮಕ್ಕಳ ಈ ಸಾಮಾನುಗಳಿಂದ. 1974ರಲ್ಲಿ ಮಹಾರಾಷ್ಟ್ರದ ದೈಮಾಬಾದಿನಲ್ಲಿ ಎರಡು ಎತ್ತುಗಳು ಎಳೆಯುವ, ಸವಾರ ನಿಂತಿರುವ ಕಂಚಿನ ರಥವೊಂದು ದೊರೆಯಿತು. ಅಲ್ಲಿಯೂ ಉಳಿದದ್ದು ಪ್ರತಿಕೃತಿಯೇ.

ನಮ್ಮ ನಾಡಿನ ದೃಷ್ಟಾಂತ ಬೇಕೆಂದರೆ ನಿಮ್ಮ ಜೇಬಿಗೇ ಕೈ ಹಾಕಬಹುದು. 2017ರಿಂದ ಚಲಾವಣೆಯಲ್ಲಿರುವ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಹಂಪೆಯ ಕಲ್ಲಿನ ರಥವಿದೆ. ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಅದು ವಾಸ್ತವವಾಗಿ ಗರುಡನ ಗುಡಿ. ರೂಪ ಮಾತ್ರ ಮರದ ತೇರಿನದು. ತೇರೆಂದರೆ ತಾನೇ ಏನು? ಚಲಿಸುವ ದೇವಾಲಯ. ಹೀಗಾಗಿ ಹಂಪೆಯ ಶಿಲ್ಪಿ ದೇವಾಲಯದ ಪ್ರತಿಕೃತಿಯಾದ ತೇರಿಗೆ ಕಲ್ಲಿನಲ್ಲಿ ಮತ್ತೊಂದು ಪ್ರತಿಕೃತಿ ಮಾಡಿದ. ವಿಜಯನಗರದ ಬೀದಿಗಳಲ್ಲಿ ಎಳೆದ ಮರದ ತೇರುಗಳು ಇಂದು ಇಲ್ಲ, ಕಲ್ಲಿನದು ನಿಂತಿದೆ. ಅದಕ್ಕೂ ಕಾಲದ ಪೆಟ್ಟು ತಪ್ಪಲಿಲ್ಲವೆನ್ನಿ. 1856ರಲ್ಲಿ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ತೆಗೆದ ಛಾಯಾಚಿತ್ರದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ, ಈಗಿಲ್ಲ. ಮುಂದೆ ನಿಂತಿರುವ ಆನೆಗಳ ಹಿಂಬದಿಯನ್ನು ಗಮನಿಸಿದರೆ ಕುದುರೆಗಳ ಬಾಲ ಕಾಣುತ್ತದೆ. ಮೊದಲು ಅಲ್ಲಿದ್ದವು ಕುದುರೆಗಳು, ಆನೆಗಳು ತರುವಾಯ ತಂದಿಟ್ಟವು. ನೋಡುವ ಕಣ್ಣಿದ್ದರೆ ಪ್ರತಿಕೃತಿ ತನ್ನ ಮೇಲಾದ ತಿದ್ದುಪಡಿಯನ್ನೂ ಬಾಯಿ ಬಿಟ್ಟು ಹೇಳುತ್ತದೆ.

ಹಾಗೆಂದು ಪ್ರತಿಕೃತಿ ಯಾವಾಗಲೂ ಸತ್ಯವನ್ನೇ ನುಡಿಯುತ್ತದೆಂದು ಭಾವಿಸಬೇಕಾಗಿಲ್ಲ. ಹಳೇಬೀಡಿನ ಹೊಯ್ಸಳೇಶ್ವರದ ಗೋಡೆಯ ಮೇಲೆ ರಾಮಾಯಣ ಮಹಾಭಾರತಗಳ ರಥಗಳು ಸಾಲುಗಟ್ಟಿ ಓಡುತ್ತಿವೆ. ಅವನ್ನು ಕೆತ್ತುವ ಹೊತ್ತಿಗೆ ಯುದ್ಧರಂಗದಿಂದ ರಥ ಮರೆಯಾಗಿ ಶತಮಾನಗಳೇ ಕಳೆದಿದ್ದವು. ಶಿಲ್ಪಿ ಕಂಡದ್ದು ದೇವರ ತೇರನ್ನು, ಊರ ಗಾಡಿಯನ್ನು. ಕೇಳಿದ್ದು ಕಾವ್ಯದ ರಥವನ್ನು. ಎರಡನ್ನೂ ಸೇರಿಸಿ ಅವನು ಕಂಡರಿಸಿದ ರಥ ಸುಂದರವಾದುದು. ಹನ್ನೆರಡನೆಯ ಶತಮಾನದ ಯುದ್ಧವಾಹನಕ್ಕೆ ಅದು ಸಾಕ್ಷಿಯಲ್ಲ. ಯಾವ ಪ್ರತಿಕೃತಿ ನಂಬಲರ್ಹ, ಯಾವುದು ಕೇವಲ ರಮಣೀಯ ಎಂಬ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಇದಕ್ಕೆ ನಮ್ಮ ಭಾಷೆಯಲ್ಲಿ ಒಂದು ಸೊಗಸಾದ ಪದವಿದೆ: ಪ್ರಮಾಣ. ಅಳತೆ ಎಂಬುದು ಒಂದರ್ಥ, ಸತ್ಯವನ್ನು ಅರಿಯುವ ಸಾಧನ ಎಂಬುದು ಇನ್ನೊಂದು, ಆಣೆ ಎಂಬುದು ಮೂರನೆಯದು. ಪ್ಲಾಸ್ಟಿಕ್ ಕಾರಿನ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ 1:24 ಎಂಬ ಅಂಕೆಗೆ ಈ ಮೂರು ಅರ್ಥಗಳೂ ಸಲ್ಲುತ್ತವೆ.

ಬೆಂಗಳೂರಿಗೆ ಬರೋಣ. ಚಾಮರಾಜಪೇಟೆ 1892ರ ಬಡಾವಣೆ. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಹಿನ್ನೆಲೆಯಲ್ಲಿ ರೂಪುಗೊಂಡವು. ಪೇಟೆಯ ಇಕ್ಕಟ್ಟಿನಿಂದ ಬಂದವರು ಅಗಲವಾದ ರಸ್ತೆ, ಅಂಗಳ, ಹಜಾರಗಳಿದ್ದ ಮನೆಗಳನ್ನು ಕಟ್ಟಿಕೊಂಡರು. ಆ ಹಜಾರಗಳಲ್ಲಿ ವರ್ಷಕ್ಕೊಮ್ಮೆ ನವರಾತ್ರಿಯ ಬೊಂಬೆ ಕೂರಿಸುವ ಪದ್ಧತಿ ಬೆಳೆಯಿತು. ಮೂರೋ ಐದೋ ಏಳೋ ಮೆಟ್ಟಿಲು, ಮೇಲೆ ಪಟ್ಟದ ಬೊಂಬೆಗಳು, ಕೆಳಗೆ ದಶಾವತಾರ, ಶೆಟ್ಟಿಯ ಅಂಗಡಿ, ಮದುವೆಯ ದಿಬ್ಬಣ. ಇವೆಲ್ಲ ಹೆಂಗಸರ ಅಧಿಕಾರಕ್ಕೆ ಸೇರಿದ ಪ್ರದೇಶ. ಮೆಟ್ಟಿಲುಗಳ ಬುಡದಲ್ಲಿ, ನೆಲದ ಮೇಲೆ, ಗಂಡುಹುಡುಗರಿಗೆ ಒಂದು ಜಾಗ ಬಿಟ್ಟುಕೊಡುತ್ತಿದ್ದರು. ಅದಕ್ಕೆ 'ಪಾರ್ಕು' ಎಂದು ಹೆಸರು. ಹಬ್ಬಕ್ಕೆ ವಾರ ಮುಂಚೆ ತಟ್ಟೆಯ ಮಣ್ಣಿನಲ್ಲಿ ರಾಗಿ ಚೆಲ್ಲಿ ಪೈರು ಬರಿಸುವುದು, ಒಡೆದ ಕನ್ನಡಿಯನ್ನು ಕೆರೆಯಾಗಿಸುವುದು, ಮರಳಿನಿಂದ ರಸ್ತೆ ಎಳೆಯುವುದು, ಬೆಂಕಿಪೆಟ್ಟಿಗೆಗಳಿಂದ ಬಸ್‌ಸ್ಟಾಂಡು ಕಟ್ಟುವುದು. ದೇವದೇವತೆಗಳ ಆ ಲೋಕಕ್ಕೆ ಮೋಟಾರು ವಾಹನ ಪ್ರವೇಶ ಪಡೆದದ್ದು ಈ ಪಾರ್ಕಿನ ಮೂಲಕ. ನಮ್ಮ ಊರಿನಲ್ಲಿ ವಾಹನಗಳ ಚಿಕ್ಕ ಮಾದರಿಯ ಹವ್ಯಾಸಕ್ಕೆ ತವರು ಹುಡುಕಬೇಕೆಂದರೆ ನಾನು ಇದನ್ನೇ ತೋರಿಸುತ್ತೇನೆ.

ಪಾರ್ಕಿನ ರಸ್ತೆಯಲ್ಲಿ ಓಡುತ್ತಿದ್ದ ಕಾರುಗಳು ಹೆಚ್ಚಾಗಿ ಚನ್ನಪಟ್ಟಣದವು. ಕೆಲವನ್ನು ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಬಳಿ ನಡೆಯುವ ಕಡಲೆಕಾಯಿ ಪರಿಷೆಯಲ್ಲಿ ಕೊಂಡು ಮುಂದಿನ ನವರಾತ್ರಿಯವರೆಗೆ ಕಾಪಾಡಿಕೊಳ್ಳುತ್ತಿದ್ದೆವು. ಚನ್ನಪಟ್ಟಣದ ಕೆಲಸದ ಮರ್ಮ ಆಲೆ ಮರ ಮತ್ತು ಅರಗು. ಬಿಳುಪಾದ, ಮೆದುವಾದ ಮರವನ್ನು ಚರಕಿಗೆ ಕೊಟ್ಟು ತಿರುಗಿಸುತ್ತ ಉಳಿ ಹಿಡಿದು ರೂಪ ತರುತ್ತಾರೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಉಜ್ಜಾಟದ ಕಾವಿಗೇ ಅರಗು ಕರಗಿ ಹಬ್ಬುತ್ತದೆ. ಕೊನೆಗೆ ತಾಳೆಗರಿಯಿಂದ ತಿಕ್ಕಿ ಹೊಳಪು ಕೊಡುತ್ತಾರೆ. ಟಿಪ್ಪುವಿನ ಕಾಲದಲ್ಲಿ ಪರ್ಷಿಯಾದ ಕುಶಲಿಗರು ಬಂದು ಕಲಿಸಿದರೆಂಬುದು ಊರಿನ ಪ್ರತೀತಿ. 2005-06ರಲ್ಲಿ ಈ ಆಟಿಕೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ಆದರೆ ಚರಕಿಗೆ ಒಂದು ಸ್ವಭಾವವಿದೆ. ಅದು ಬಲ್ಲದ್ದು ವೃತ್ತವನ್ನು ಮಾತ್ರ. ಚಕ್ರ, ಗುಂಡು, ಶಂಕು, ದಿಂಡು — ಇವುಗಳಿಂದ ಏನು ಮಾಡಬಹುದೋ ಅಷ್ಟೇ ಅದರ ಪ್ರಪಂಚ. ಆದ್ದರಿಂದ ಚನ್ನಪಟ್ಟಣದ ಕಾರಿನ ಚಾಲಕನಿಗೆ ಗುಂಡುತಲೆಯೇ ಗತಿ. ಕಾರೆಂದರೆ ಸಾಮಾನ್ಯವಾಗಿ ಏನು ಎಂಬುದನ್ನು ಅದು ಮಗುವಿಗೆ ಅಚ್ಚುಕಟ್ಟಾಗಿ ತಿಳಿಸುತ್ತದೆ. ಇದು ಅಂಬಾಸಿಡರೋ ಫಿಯಟ್ಟೋ ಎಂದು ಕೇಳಿದರೆ ನಗುತ್ತದೆ. ನಾನು ಇದನ್ನು ಕೊರತೆಯೆಂದು ಹೇಳುತ್ತಿಲ್ಲ. ಜಾತಿಯನ್ನು ಹೇಳುವುದು ಒಂದು ಕಲೆ, ವ್ಯಕ್ತಿಯನ್ನು ಹೇಳುವುದು ಇನ್ನೊಂದು. ಎರಡನೆಯದಕ್ಕೆ ಬೇರೆ ಪದಾರ್ಥ ಬೇಕಾಯಿತು.

ಆ ಪದಾರ್ಥ ಒದಗಿದ್ದು ಎರಡನೆಯ ಮಹಾಯುದ್ಧದ ತರುವಾಯ. ಹಂಗೇರಿಯಿಂದ ಇಂಗ್ಲೆಂಡಿಗೆ ಬಂದ ನಿಕೊಲಸ್ ಕೋವ್ ಎಂಬಾತ 1939ರಲ್ಲಿ ಏರ್‌ಫಿಕ್ಸ್ ಎಂಬ ಸಂಸ್ಥೆಯನ್ನು ಆರಂಭಿಸಿದ್ದ. ಯುದ್ಧದ ನಂತರ ಅದರ ಮುಖ್ಯ ಸರಕು ಬಾಚಣಿಗೆ. 1949ರಲ್ಲಿ ಫರ್ಗ್ಯುಸನ್ ಟ್ರಾಕ್ಟರಿನ ಮಾರಾಟಗಾರರಿಗಾಗಿ ಚಿಕ್ಕ ಟ್ರಾಕ್ಟರೊಂದನ್ನು ಮಾಡಿಕೊಡುವ ಕೆಲಸ ಬಂತು. ಭಾಗಗಳನ್ನು ಜೋಡಿಸುವುದು ತೊಡಕಾಗಿ ಕಂಡದ್ದರಿಂದ, ಬಿಡಿಯಾಗಿಯೇ ಮಾರಿದರೆ ಕೊಂಡವರು ಜೋಡಿಸಿಕೊಳ್ಳಲಿ ಎಂಬ ಯೋಚನೆ ಮೊಳೆಯಿತು. 1952ರಲ್ಲಿ 'ಗೋಲ್ಡನ್ ಹೈಂಡ್' ಹಡಗಿನ ಭಾಗಗಳು ಚೀಲದಲ್ಲಿ ಅಂಗಡಿಗೆ ಬಂದವು. ಮುಂದೆ ವಿಮಾನಗಳು, ಕಾರುಗಳು. ಪ್ರಮಾಣಗಳ ಹುಟ್ಟು ಕೂಡ ವಿನೋದವಾದುದು. ಒಂದು ಅಡಿಗೆ ಒಂದು ಅಂಗುಲವೆಂದರೆ 1:12, ಅರ್ಧ ಅಂಗುಲವೆಂದರೆ 1:24, ಆರು ಅಡಿಗೆ ಒಂದು ಅಂಗುಲವೆಂದರೆ 1:72. ಜಪಾನಿನ ತಮಿಯಾ ಸಂಸ್ಥೆಯವರು ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿಯನ್ನು ರೂಪಿಸುವಾಗ ಅದರ ಹೊಟ್ಟೆಯಲ್ಲಿ ಮೋಟಾರಿಗೆ ಬೇಕಾದ ಬ್ಯಾಟರಿ ಹಿಡಿಸುವಷ್ಟು ಅಗಲ ಇಟ್ಟುಕೊಂಡರು. ಆಮೇಲೆ ಅಳೆದು ನೋಡಿದರೆ 1:35 ಬಂತು. ಇಂದು ಲೋಕವೆಲ್ಲ ಅದನ್ನೇ ಶಾಸ್ತ್ರವೆಂದು ಪಾಲಿಸುತ್ತಿದೆ. ನಮ್ಮ ಛಂದಸ್ಸಿನ ಕೆಲವು ನಿಯಮಗಳೂ ಹೀಗೆಯೇ ಹುಟ್ಟಿರಬಹುದೆ ಎಂಬ ಸಂಶಯ ನನಗೆ ಒಮ್ಮೊಮ್ಮೆ ಬರುವುದುಂಟು.

ತಮಿಯಾದ ಊರು ಷಿಜುಓಕ. ಹಸೆಗಾವ, ಅಯೋಷಿಮ ಮುಂತಾದ ಹೆಸರಾಂತ ಮಾದರಿ ತಯಾರಕರೂ ಅಲ್ಲಿಯವರೇ. ಮರದ ಕೆಲಸಕ್ಕೆ ಆ ಸೀಮೆ ಮೊದಲಿನಿಂದ ಪ್ರಸಿದ್ಧ. ತಮಿಯಾ ಸಂಸ್ಥೆ 1946ರಲ್ಲಿ ಆರಂಭವಾದದ್ದು ಮರದ ವ್ಯಾಪಾರದಿಂದ; ಬಳಿಕ ಮರದ ಹಡಗು, ವಿಮಾನಗಳ ಮಾದರಿ ಮಾಡಿತು; 1960ರಲ್ಲಿ ಮೊದಲ ಪ್ಲಾಸ್ಟಿಕ್ ಮಾದರಿಯನ್ನು ಹೊರತಂದಿತು. ಅಂದರೆ ಜಪಾನಿಗೂ ಒಂದು ಚನ್ನಪಟ್ಟಣವಿತ್ತು. ಅದು ಮರವನ್ನು ಬಿಟ್ಟು ಪ್ಲಾಸ್ಟಿಕ್ಕಿಗೆ ಹೋಯಿತು. ನಮ್ಮ ಚನ್ನಪಟ್ಟಣಕ್ಕೂ ಜಪಾನಿಗೂ ಹಳೆಯ ನಂಟೊಂದನ್ನು ಹೇಳುತ್ತಾರೆ: ಬಾವಾಸ್ ಮಿಯಾ ಎಂಬ ಹಿರಿಯರು ಜಪಾನಿನವರ ಆಟಿಕೆ ತಯಾರಿಕೆಯ ವಿಧಾನಗಳನ್ನು ಅರಿತು ಊರಿನ ಕುಶಲಿಗರಿಗೆ ತಿಳಿಸಿಕೊಟ್ಟರಂತೆ. ಒಂದೇ ವಿದ್ಯೆಯ ಎರಡು ಊರುಗಳು ಏಕೆ ಎರಡು ದಾರಿ ಹಿಡಿದವು? ಉಕ್ಕಿನ ಅಚ್ಚು ಕಡೆಯುವುದಕ್ಕೆ ಬೇಕಾದ ಬಂಡವಾಳ, ಕಾರು ಕಂಪೆನಿಗಳೊಡನೆ ನೇರ ಸಂಪರ್ಕ, ಕೊಳ್ಳುವ ಮಧ್ಯಮವರ್ಗ, ಇವೆಲ್ಲ ಅಲ್ಲಿ ಇದ್ದವು. 1967ರಲ್ಲಿ ತಮಿಯಾ 1:12ರ ಹೋಂಡಾ ಪಂದ್ಯದ ಕಾರನ್ನು ಹೊರತಂದದ್ದು ಅಂಥ ಸಂಪರ್ಕದ ಫಲ. ಇಲ್ಲಿ ಮರ ಕಡೆಯುವವನು ಕಡೆಯುತ್ತಲೇ ಉಳಿದ. ಮರವನ್ನು ಉಳಿಸಿಕೊಂಡದ್ದಕ್ಕೆ ಇಂದು ಅವನನ್ನು ಹೊಗಳುವವರು ಬಹಳ. ಅವನ ಕೂಲಿಯನ್ನು ವಿಚಾರಿಸುವವರು ಅಷ್ಟಿಲ್ಲ. ಷಿಜುಓಕದಲ್ಲಿ ಈಚಿನ ವರ್ಷಗಳಲ್ಲಿ ಅಂಚೆಪೆಟ್ಟಿಗೆಯನ್ನೇ ಮಾದರಿಯ ಬಿಡಿಭಾಗಗಳಂತೆ ಚೌಕಟ್ಟಿನಲ್ಲಿ ಕೂರಿಸಿ ಬೀದಿಯಲ್ಲಿ ನಿಲ್ಲಿಸಿದ್ದಾರೆ.

ಈ ಪೆಟ್ಟಿಗೆಗಳು ಬೆಂಗಳೂರಿನ ಮನೆಗಳಿಗೆ ಬಹುಕಾಲ ಬಂದದ್ದು ಸೂಟ್‌ಕೇಸುಗಳಲ್ಲಿ. ಗೃಹಬಳಕೆಯ ವಸ್ತುಗಳ ಆಮದಿನ ಮೇಲೆ ಕಟ್ಟುನಿಟ್ಟಾದ ನಿರ್ಬಂಧಗಳಿದ್ದ ಕಾಲ ಅದು. ಅವು ಪೂರ್ತಿಯಾಗಿ ಸಡಿಲವಾದದ್ದು 2001ರಲ್ಲಿ. 1940ರಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆ, ಟಾಟಾ ವಿಜ್ಞಾನಮಂದಿರ, ದೂರವಾಣಿ ಕಾರ್ಖಾನೆಗಳಲ್ಲಿ ಕೆಲಸಮಾಡಿ ತರಬೇತಿಗೆಂದು ವಿದೇಶಕ್ಕೆ ಹೋದ ಸೋದರಮಾವಂದಿರು ತಂದುಕೊಟ್ಟ ಪೆಟ್ಟಿಗೆಗಳವು. 1965ರಲ್ಲಿ ಸಾರ್ವಜನಿಕರಿಗೆ ತೆರೆದ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಯಂತ್ರಗಳ ಒಳಗನ್ನು ಕಂಡು ಬೆರಗಾದ ಹುಡುಗರಿಗೆ, ಯಂತ್ರವೊಂದನ್ನು ತಾವೇ ಕಟ್ಟುವ ಅವಕಾಶ ಅವುಗಳಲ್ಲಿತ್ತು. ಈಗ ಕೊಳ್ಳಲು ಸಿಗುತ್ತವೆ, ಬೆಲೆ ಮಾತ್ರ ಗಗನಕ್ಕೆ. 2023ರಲ್ಲಿ ಆಟಿಕೆಗಳ ಆಮದು ಸುಂಕ ನೂರಕ್ಕೆ ಎಪ್ಪತ್ತಾಯಿತು.

ಪೆಟ್ಟಿಗೆ ತೆರೆದರೆ ಒಳಗೆ ಕಾರು ಇರುವುದಿಲ್ಲ. ಮಾವಿನ ಗೊಂಚಲಿನಂತೆ ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡ ನೂರಾರು ಚೂರುಗಳಿರುತ್ತವೆ. ಒಂದೊಂದನ್ನೂ ಕತ್ತರಿಸಿ, ತೊಟ್ಟಿನ ಗುರುತು ಉಳಿಯದಂತೆ ಅರದಿಂದ ಉಜ್ಜಬೇಕು. ಜೋಡಿಸುವ ದ್ರವವನ್ನು ನಾವು ಅಂಟೆನ್ನುತ್ತೇವೆ. ಅದು ಎರಡು ಅಂಚುಗಳ ಪ್ಲಾಸ್ಟಿಕ್ಕನ್ನೂ ಕರಗಿಸಿ ಒಂದು ಮಾಡಿ ತಾನು ಆರಿಹೋಗುತ್ತದೆ. ವ್ಯಾಕರಣದ ಹುಚ್ಚಿರುವವರು ಇದನ್ನು ಲೋಪಸಂಧಿಯೆಂದು ಕರೆಯಬಹುದೇನೋ. ಬಣ್ಣದ ವಿಚಾರ ಇನ್ನೂ ಸೂಕ್ಷ್ಮ. ನಿಜವಾದ ಕಾರಿನ ಬಣ್ಣವನ್ನೇ ತಂದು ಬಳಿದರೆ ಸಣ್ಣ ಕಾರು ಅದಕ್ಕಿಂತ ಗಾಢವಾಗಿ ಕಾಣುತ್ತದೆ. ಆದ್ದರಿಂದ ತಿಳಿದವರು ಅದಕ್ಕೆ ಚೂರು ಬಿಳುಪು ಬೆರೆಸುತ್ತಾರೆ. ಹೊಸದಾಗಿ ಹೊಳೆಯುವ ಕಾರು ಸುಳ್ಳುಕಾರೆಂದು ತೋರುತ್ತದೆ. ಆದ್ದರಿಂದ ನೀರಾಗಿಸಿದ ಕಪ್ಪನ್ನು ಬಾಗಿಲಿನ ಸಂದುಗಳಿಗೆ ಹರಿಸುತ್ತಾರೆ, ಚಕ್ರದ ಮೇಲ್ಗಾಪಿಗೆ ಧೂಳಿನ ಬಣ್ಣ ತಾಗಿಸುತ್ತಾರೆ. ಮೋಟಾರ್ ಸೈಕಲ್ಲಿನಲ್ಲಿ ಕಷ್ಟ ಇಮ್ಮಡಿ, ಏಕೆಂದರೆ ಅದರ ಕರುಳೆಲ್ಲ ಹೊರಗೇ ಇದೆ. ಸುಮಾರು ಎರಡು ಮೀಟರ್ ಉದ್ದದ ಬೈಕು 1:12ರಲ್ಲಿ ಹದಿನೇಳು ಸೆಂಟಿಮೀಟರಿಗಿಂತ ತುಸು ಕಡಿಮೆ. ಮೂರು ಮಿಲಿಮೀಟರಿನ ಚಕ್ರದ ಕಡ್ಡಿ ಕಾಲು ಮಿಲಿಮೀಟರ್ ಆಗಬೇಕು. ಅಚ್ಚಿನಲ್ಲಿ ಅಷ್ಟು ತೆಳುವಾಗಿ ಎರಕ ಬರುವುದು ಕಷ್ಟವಾದ್ದರಿಂದ ಹಟವಾದಿಗಳು ಲೋಹದ ತಂತಿಯನ್ನು ಒಂದೊಂದಾಗಿ ಪೋಣಿಸುತ್ತಾರೆ.

ಇಷ್ಟೆಲ್ಲ ಶ್ರದ್ಧೆ ಯಾವ ವಾಹನಗಳಿಗೆ ಸಲ್ಲುತ್ತಿತ್ತು? ಇಂಗ್ಲೆಂಡಿನ ಬೆಂಟ್ಲಿಗೆ, ಇಟಲಿಯ ಫೆರಾರಿಗೆ, ಜಪಾನಿನ ಹೋಂಡಾಕ್ಕೆ. ಗಾಂಧಿ ಬಜಾರಿನ ಹುಡುಗ ತಾನು ಕಂಡೇ ಇರದ ಕಾರಿನ ಒಂದೊಂದು ತಿರುಪನ್ನೂ ಬಲ್ಲವನಾಗಿದ್ದ. ಮನೆಯ ಮುಂದೆ ದಿನಾ ನಿಲ್ಲುತ್ತಿದ್ದ ವಾಹನಕ್ಕೆ ಪೆಟ್ಟಿಗೆ ಇರಲಿಲ್ಲ. ಹಳೇಬೀಡಿನ ಶಿಲ್ಪಿಯ ನೆನಪಾಗುವುದಿಲ್ಲವೆ?

ಆ ಮನೆಮುಂದಿನ ವಾಹನಗಳಲ್ಲಿ ಒಂದು ಅಪ್ಪಟ ನಮ್ಮ ನಾಡಿನದು: ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಜಾವಾ. ಹೆಸರಿಗೂ ಜಾವಾ ದ್ವೀಪಕ್ಕೂ ಸಂಬಂಧವಿಲ್ಲ. ಚೆಕ್ ದೇಶದ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಸಂಸ್ಥೆಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡಾಗ ಎರಡು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಸಮಾಸ ಅದು. ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಬೈಕುಗಳು ಹೊರಬರತೊಡಗಿದವು. 1970ರ ದಶಕದಲ್ಲಿ ಹೆಸರು ಯೆಜ್ಡಿಯಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರು ಮರಳಿ ಬಂತು, ಮೈಸೂರಿಗಲ್ಲ. ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆ; ಒದ್ದು ಚಾಲೂ ಮಾಡುವ ಸನ್ನೆಯನ್ನೇ ಮಡಿಸಿದರೆ ಗೇರಿನ ಸನ್ನೆ. ಈ ಎರಡು ಲಕ್ಷಣಗಳನ್ನು ತಪ್ಪಿಸಿ ಯಾರಾದರೂ ಜಾವಾ ಮಾಡಿದರೆ ಹಳಬರು ದೂರದಿಂದಲೇ ತಲೆಯಲ್ಲಾಡಿಸುತ್ತಾರೆ.

ಬಸವನಗುಡಿಯಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲಿರುವ ಗೃಹಸ್ಥರೊಬ್ಬರು, ಐವತ್ತರ ಆಚೀಚಿನವರು, ತಮ್ಮ ತಂದೆಯ ಜಾವಾವನ್ನು 1:12ರಲ್ಲಿ ಕಟ್ಟಲು ಹೊರಟರು. ಬೈಕು ಎಂದೋ ಮಾರಾಟವಾಗಿತ್ತು, ತಂದೆಯೂ ಇರಲಿಲ್ಲ. ಬೇರೊಂದು ಬೈಕಿನ ಪೆಟ್ಟಿಗೆಯಿಂದ ಟೈರು ಮತ್ತು ಚಕ್ರದ ಅಂಚು ತೆಗೆದುಕೊಂಡು, ಉಳಿದುದನ್ನು ಪ್ಲಾಸ್ಟಿಕ್ ಹಾಳೆ, ಕಡ್ಡಿ, ತಂತಿಗಳಿಂದ ತಾವೇ ಕಡೆದರು. ಹದಿನಾಲ್ಕು ತಿಂಗಳ ಭಾನುವಾರಗಳು ಹಿಡಿದವು. ನಾನು ಆಗಾಗ ಹೋಗಿ ಕೂರುತ್ತಿದ್ದೆ. ಒಂದು ದಿನ ಅವರು, "ಮೇಷ್ಟ್ರೆ, ಒಂದು ತಗಾದೆ ಬಂದಿದೆ, ನೀವೇ ಹೇಳಬೇಕು" ಎಂದರು.

ತಗಾದೆ ಬಣ್ಣದ್ದು. ಅವರ ತಾಯಿ ಬೈಕು ಕಪ್ಪು ಎನ್ನುತ್ತಾರೆ. ದೊಡ್ಡಪ್ಪ ಗಾಢ ಕೆಂಪು ಎನ್ನುತ್ತಾರೆ. ಉಳಿದಿರುವ ನೋಂದಣಿ ಪುಸ್ತಕದಲ್ಲಿ ಬಣ್ಣದ ಮುಂದೆ 'ಮರೂನ್' ಎಂದಿದೆ. 1971ರ ಫೋಟೋ ಕಪ್ಪುಬಿಳುಪಿನದು. ಅದರಲ್ಲಿ ಎರಡು ಬಣ್ಣವೂ ಒಂದೇ ಛಾಯೆಯಾಗಿ ಬೀಳುತ್ತದೆ. ಆಗಮ ಒಂದು ಹೇಳುತ್ತದೆ, ಪ್ರತ್ಯಕ್ಷ ಕಂಡವರು ಇನ್ನೊಂದು ಹೇಳುತ್ತಾರೆ. ಓಲೆಗರಿಯ ಪಾಠಭೇದಗಳೊಡನೆ ಹೆಣಗಿದವನಿಗೆ ಇದು ಪರಿಚಿತವಾದ ಸಂಕಟ. ನಾನು ಇನ್ನೊಂದು ಪ್ರತಿ ಇದೆಯೆ ಎಂದು ಕೇಳಿದೆ. ಹುಡುಕಿದಾಗ 1978ರ ಫೋಟೋ ಸಿಕ್ಕಿತು. ಎರಡನ್ನೂ ಪಕ್ಕದಲ್ಲಿಟ್ಟು ಮಸೂರದಡಿ ನೋಡಿದೆವು. ಮೊದಲನೆಯದರಲ್ಲಿ ಪೆಟ್ರೋಲ್ ಟ್ಯಾಂಕಿನ ಮಗ್ಗುಲಲ್ಲಿ ಕ್ರೋಮಿಯಂ ಲೇಪದ ಫಳಫಳಿಸುವ ಪಟ್ಟೆ ಇದೆ. ಎರಡನೆಯದರಲ್ಲಿ ಇಲ್ಲ, ಟ್ಯಾಂಕು ಇಡಿಯಾಗಿ ಒಂದೇ ಬಣ್ಣ. ಅಲ್ಲಿಗೆ ಅನುಮಾನಪ್ರಮಾಣ ದೊರೆಯಿತು: ನಡುವೆ ಎಂದೋ ಬೈಕಿಗೆ ಮತ್ತೆ ಬಣ್ಣವಾಗಿದೆ. ತಾಯಿಯ ಮದುವೆಯಾದದ್ದು 1974ರಲ್ಲಿ. ಅವರು ಆ ಮನೆಗೆ ಬಂದ ಮೇಲೆ ಕಂಡದ್ದು ಕಪ್ಪು ಬೈಕನ್ನು. ಪುಸ್ತಕ ದಾಖಲಿಸಿದ್ದು ಕೆಂಪು ಬೈಕನ್ನು. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು.

ಹಾಗಾದರೆ ಯಾವುದನ್ನು ಮಾಡುವುದು? ಮೂಲಪಾಠವೇ ಪ್ರಶಸ್ತವೆಂದು ಒಬ್ಬ ಸಂಪಾದಕ ಹೇಳಬಹುದು. ಜನರ ಬಾಯಲ್ಲಿ ಬಾಳಿದ ಪಾಠವೇ ಗ್ರಾಹ್ಯವೆಂದು ಇನ್ನೊಬ್ಬ ವಾದಿಸಬಹುದು. ನಾನು ಎರಡನೆಯ ಪಕ್ಷದವನು. ಕಾರ್ಖಾನೆಯಿಂದ ಬಂದ ಬೈಕುಗಳು ಸಾವಿರಾರು, ಆ ಮನೆಯಲ್ಲಿ ಬಾಳಿದ್ದು ಒಂದೇ ಎಂದೆ. ಅವರು ಇಬ್ಬರ ಮಾತನ್ನೂ ಉಳಿಸುವ ಉಪಾಯ ಕಂಡರು. ಮೊದಲು ಕೆಂಪು ಬಳಿದು ಒಣಗಿಸಿದರು, ಮೇಲೆ ಕಪ್ಪು ಹೊಡೆದರು, ಸವಾರನ ಮೊಣಕಾಲು ತಾಗುವೆಡೆಯಲ್ಲಿ ನಯವಾದ ಉಪ್ಪುಕಾಗದದಿಂದ ಹಗುರಾಗಿ ಉಜ್ಜಿದರು. ಅಲ್ಲಿ ಉಗುರಿನ ಚಂದ್ರದಷ್ಟು ಕೆಂಪು ಇಣುಕಿತು.

ಕೆಲಸ ಮುಗಿಯಿತೆಂದುಕೊಂಡು ತಾಯಿಯ ಮುಂದೆ ಇಟ್ಟರು. ಆಕೆ ಕನ್ನಡಕ ಹಾಕಿಕೊಂಡು, ಬೈಕನ್ನು ಮೆಲ್ಲಗೆ ತಿರುಗಿಸಿ ಎಡಮಗ್ಗುಲು ನೋಡಿ, "ಇದರಲ್ಲಿ ನಾನು ಎಲ್ಲಿ ಕೂರಲಿ? ಸೀರೆ ಗಾರ್ಡೇ ಇಲ್ಲವಲ್ಲೋ" ಎಂದರು. ಎರಡೂ ಫೋಟೋಗಳು ಬೈಕಿನ ಬಲಗಡೆಯಿಂದ ತೆಗೆದವು. ಎಡಗಡೆಯನ್ನು ಮಗ ಕಂಪೆನಿಯ ಚಿತ್ರಗಳನ್ನು ನೋಡಿ ಮಾಡಿದ್ದರು; ಆ ಚಿತ್ರಗಳಲ್ಲಿ ಸೀರೆ ಉಟ್ಟ ಹೆಂಗಸಿಗೆ ಸ್ಥಳವಿರಲಿಲ್ಲ. ಸೀರೆ ಗಾರ್ಡಿನ ನಡುವಿನ ಒಂದು ಸರಳು ಮುರಿದಿತ್ತು, ಅಲ್ಲಿ ತಾಮ್ರದ ತಂತಿ ಸುತ್ತಿದ್ದರು, ಮಳೆಗಾಲದಲ್ಲಿ ಅದಕ್ಕೆ ನೆರಿಗೆ ಸಿಕ್ಕಿಕೊಳ್ಳುತ್ತಿತ್ತು, ಕಾಲಿಡುವ ಹಲಗೆಯ ರಬ್ಬರು ಒಂದು ತುದಿಯಲ್ಲಿ ಸವೆದಿತ್ತು ಎಂದು ಆಕೆ ಒಂದೊಂದಾಗಿ ಹೇಳಿದರು. ಯಾವ ಕಡತದಲ್ಲಿಯೂ ಇಲ್ಲದ ವಿವರಗಳು ಇವು. ಮಗ ಕಾಗದ ತಂದು ಬರೆದುಕೊಂಡರು. ಮುಂದಿನ ಮೂರು ಭಾನುವಾರ ಸೀರೆ ಗಾರ್ಡಿಗೇ ಹೋದವು. ಮುರಿದ ಸರಳಿಗೆ ಸುತ್ತಲು ಹಳೆಯ ಟ್ರಾನ್ಸಿಸ್ಟರಿನ ಸುರುಳಿಯಿಂದ ಕೂದಲಿನಂಥ ತಂತಿ ಬಿಚ್ಚಿ ತಂದರು.

ಕಳೆದ ನವರಾತ್ರಿಯಲ್ಲಿ ಆ ಮನೆಗೆ ಅರಿಸಿನ ಕುಂಕುಮಕ್ಕೆ ಹೋದ ನನ್ನ ಮನೆಯವರು, ಬೊಂಬೆ ಮೆಟ್ಟಿಲಿನ ಕೆಳಗೆ ರಾಗಿ ಪೈರಿನ ಪಾರ್ಕಿನಲ್ಲಿ ಜಾವಾ ನಿಂತಿರುವುದನ್ನು ಕಂಡು ಬಂದು ಹೇಳಿದರು. ಮಗನಿಗೆ ಅದು ಒಪ್ಪಿಗೆಯಾಗಿರಲಿಲ್ಲವಂತೆ. ಪಕ್ಕದಲ್ಲಿರುವ ಚನ್ನಪಟ್ಟಣದ ಕಾರು ಬೈಕಿಗಿಂತ ಚಿಕ್ಕದು, ಹಸು ಕಾರಿಗಿಂತ ದೊಡ್ಡದು, ಪ್ರಮಾಣವೆಲ್ಲ ಕೆಟ್ಟುಹೋಗುತ್ತದೆ ಎಂದು ಅವರ ಆಕ್ಷೇಪ. ತಾಯಿ ಹಸುವನ್ನು ಕನ್ನಡಿಯ ಕೆರೆಯ ಈಚೆಗೆ, ನೋಡುವವರ ಹತ್ತಿರಕ್ಕೆ ಸರಿಸಿ, ಕಾರನ್ನು ಹಿಂದಕ್ಕೆ ಪೈರಿನ ಮರೆಗೆ ತಳ್ಳಿ, ಬೈಕನ್ನು ನಡುವೆ ಎಡಮಗ್ಗುಲು ಕಾಣುವಂತೆ ನಿಲ್ಲಿಸಿ, "ಈಗ ನೋಡು" ಎಂದರಂತೆ.